ಗಿಡವೂ ಅಲ್ಲ, ಮರವೂ ಅಲ್ಲ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ನಮ್ಮ ಹಿರಿಯರ ಮಾತು. ಆದರೆ ಹದಿನೇಳರ ಹುಡುಗ ಗಿಡವೂ ಅಲ್ಲ, ಮರವೂ ಅಲ್ಲ. ದನಿ ಒಡೆದಿದೆ, ಮೀಸೆ ಚಿಗುರಿದೆ. ‘ಗಂಡುಹುಡುಗ ಅಳಬಹುದೇನೋ?’ ಎಂದು ಗದರಿಸಿ, ಅವನ ಕಣ್ಣೀರನ್ನು ನಾವೇ ಎಂದೋ ಒಣಗಿಸಿದ್ದೇವೆ.

ಇಂತಹ ಹುಡುಗನೊಬ್ಬ ಕಳವಿನಲ್ಲೋ ಹೊಡೆದಾಟದಲ್ಲೋ ಸಿಕ್ಕಿಬಿದ್ದನೆನ್ನಿ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ‘ಆರೋಪಿ’ ಎಂಬ ಮಾತೂ ಅವನಿಗೆ ಸಲ್ಲದು. ಅವನು ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’. ವಿಚಾರಣೆ ನಡೆಸುವುದು ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಇರುವ ಮಂಡಳಿ. ಜಾಮೀನು ದೊರೆಯದಿದ್ದರೆ ಅಲ್ಲಿಯವರೆಗೆ ಅವನ ವಾಸ ವೀಕ್ಷಣಾಲಯದಲ್ಲಿ.

ಕಾಯಿದೆಯ ಕರುಣೆ ದೊಡ್ಡದು. ಆದರೆ ಬಾಗಿಲು ಮುಚ್ಚಿದೊಡನೆ ಹುಡುಗರದೇ ಇನ್ನೊಂದು ಕಟ್ಟಳೆ ಶುರುವಾಗುವುದುಂಟು. ಅತ್ತವನು ಹೇಡಿ, ಹೊಡೆದವನು ಧೀರ, ಮಾಡಿದ ತಪ್ಪನ್ನು ಹಿಗ್ಗಿಸಿ ಹೇಳಿದವನಿಗೆ ಮರ್ಯಾದೆ. ಹೀಗೇಕೆ? ಅಮೆರಿಕದ ಸಮಾಜಶಾಸ್ತ್ರಜ್ಞ ಗ್ರೆಷಮ್ ಸೈಕ್ಸ್ ವಯಸ್ಕರ ಸೆರೆಮನೆಯೊಂದನ್ನು ಕುರಿತು 1958ರಲ್ಲಿ ಒಂದು ಪುಸ್ತಕ ಬರೆದರು. ಸೆರೆವಾಸವು ಸ್ವಾತಂತ್ರ್ಯವನ್ನಷ್ಟೇ ಕಸಿಯುವುದಿಲ್ಲ. ಉಣ್ಣುವುದಕ್ಕೂ ಮಲಗುವುದಕ್ಕೂ ಅಪ್ಪಣೆ ಬೇಕಾದಾಗ ಬೆಳೆದವನೂ ಮಗುವಾಗುತ್ತಾನೆ, ತಾನು ಗಂಡಸೆಂಬ ಅವನ ನಂಬಿಕೆಯೇ ಅಲುಗುತ್ತದೆ ಎಂದು ಅವರು ಕಂಡರು. ಬೆಳೆದವರ ಪಾಡೇ ಹೀಗಾದರೆ, ಇನ್ನೂ ಗಂಡಸಾಗುತ್ತಿರುವ ಹುಡುಗನ ಪಾಡೇನು? ಅವನಲ್ಲಿ ಉಳಿಯುವುದು ಮುಷ್ಟಿಯೊಂದೇ.

ಇಲ್ಲೊಂದು ವಿಪರ್ಯಾಸವನ್ನೂ ಗಮನಿಸಬೇಕು. 16 ತುಂಬಿದವನ ಮೇಲೆ, ಕನಿಷ್ಠ 7 ವರ್ಷ ಶಿಕ್ಷೆಯುಳ್ಳ ಘೋರ ಅಪರಾಧದ ಆಪಾದನೆ ಬಂದರೆ, ಮಂಡಳಿ ಅವನ ಮನೋದೇಹಗಳ ಸಾಮರ್ಥ್ಯವನ್ನು ತೂಗಿ ನೋಡಿ, ವಯಸ್ಕನಂತೆ ವಿಚಾರಣೆಯಾಗಲೆಂದು ಒಪ್ಪಿಸಬಹುದು. ನೊಂದವರ ಮೊರೆ ಸುಳ್ಳಲ್ಲ, ಅದಕ್ಕೆ ಕಿವಿಗೊಡಲೇಬೇಕು. ಆದರೂ ಓಟು ಹಾಕುವಷ್ಟು ದೊಡ್ಡವನಲ್ಲದವನು ಕೇಡಿನಲ್ಲಿ ಮಾತ್ರ ದೊಡ್ಡವನಾದರೆ, ಅವನು ಕಲಿಯುವ ಪಾಠವೇನು?

ದೊಡ್ಡವನೆನಿಸಿಕೊಳ್ಳಲು ಅವನಿಗೆ ಬೇರೊಂದು ದಾರಿ ತೋರಬೇಕು. ಕೈಗೊಂದು ಕಸಬು, ಕಿರಿಯನೊಬ್ಬನಿಗೆ ಅಕ್ಷರ ಕಲಿಸುವ ಹೊಣೆ, ತನ್ನಿಂದ ನೊಂದವರ ನೋವನ್ನು ನೆನೆಯುವ ಧೈರ್ಯ, ಎದುರಿಗೆ ಅಳುವುದಕ್ಕೆ ಒಬ್ಬ ಹಿರಿಯ—ಇವೇ ಆ ದಾರಿ. ತಪ್ಪನ್ನು ಒಪ್ಪಿಕೊಳ್ಳುವುದಕ್ಕೇ ನಿಜವಾದ ಗಂಡೆದೆ ಬೇಕು.

ಬಿಡುಗಡೆಯಾಗಿ ಬಂದವನು ನಾಳೆ ನಿಮ್ಮ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಕೆಲಸ ಕೇಳಿಯಾನು. ‘ಏನು ಮಾಡಿ ಬಂದೆ?’ ಎಂಬುದಕ್ಕಿಂತ ಮೊದಲು ‘ಏನು ಮಾಡಬಲ್ಲೆ?’ ಎಂದು ಕೇಳಿ. ಅಲ್ಲಿಂದ ಅವನು ದೊಡ್ಡವನಾಗತೊಡಗುತ್ತಾನೆ.