‘ಫಣಿಯಮ್ಮ’ ಓದಿ ನನಗನ್ನಿಸಿದ್ದು
(ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಆಡಿದ ಮಾತು)

ಉಳಿತಾಯದ ಲೆಕ್ಕ ಮುಗಿದ ಮೇಲೆ ಕಾಲೇಜಿನಲ್ಲಿ ಓದಿದ ಒಂದು ಪುಸ್ತಕದ ಬಗ್ಗೆ ಹೇಳು ಎಂದಿರಿ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದ ಬಗ್ಗೆ ಹೇಳುತ್ತೇನೆ. ಪರೀಕ್ಷೆಯಲ್ಲಾದರೆ ಪಾತ್ರಚಿತ್ರಣ ಅಂತ ಎರಡು ಪುಟ ತುಂಬಿಸಿ ಅಂಕ ತೆಗೆದುಕೊಳ್ಳಬಹುದು. ಇಲ್ಲಿ ಅದು ನಡೆಯುವುದಿಲ್ಲ.

ಇಂದಿರಾ ಹುಟ್ಟಿದ್ದು 1917ರಲ್ಲಿ. ಚಿಕ್ಕ ವಯಸ್ಸಿಗೇ ಮದುವೆಯಾಗಿ ಶಾಲೆ ಬಿಟ್ಟವರು. ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಅಕ್ಷರ ಕಲಿಯುವ ವಯಸ್ಸು ಹೋಯಿತು ಎನ್ನುವವರು ಸ್ವಲ್ಪ ಕೇಳಿಸಿಕೊಳ್ಳಿ! ‘ಫಣಿಯಮ್ಮ’ 1976ರದು. ಅದು ಬರೀ ಕಟ್ಟುಕತೆಯಲ್ಲ, ಅವರ ಮನೆತನದಲ್ಲೇ ಬಾಳಿ ಹೋದ ಅಜ್ಜಿಯೊಬ್ಬರ ಬದುಕು.

ಮಲೆನಾಡಿನ ತೀರ್ಥಹಳ್ಳಿ ಸೀಮೆ. ಆಟವಾಡುವ ವಯಸ್ಸಿನಲ್ಲಿ ಫಣಿಗೆ ಮದುವೆ. ಸ್ವಲ್ಪ ದಿನಕ್ಕೇ ಗಂಡ ಹಾವು ಕಚ್ಚಿ ಸತ್ತ. ಮೈನೆರೆದಾಗ ತಲೆ ಬೋಳಿಸಿದರು. ಆಮೇಲೆ ಒಂದು ಹೊತ್ತಿನ ಊಟ, ಮಡಿ, ಇಡೀ ಮನೆಯ ಚಾಕರಿ. ನೂರು ವರ್ಷ ದಾಟಿ ಬದುಕಿದಳು.

ಓದುವಾಗ ನನಗೆ ಸಿಟ್ಟು ಬಂತು, ಫಣಿಯಮ್ಮನ ಮೇಲೇ. ಇವಳಿಗೆ ಯಾಕೆ ಕೋಪ ಬರುವುದಿಲ್ಲ? ಯಾಕೆ ಒಂದು ಸಲವೂ ಕೂಗಾಡುವುದಿಲ್ಲ? ಆ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ತಾಳ್ಮೆಯನ್ನು ಅಷ್ಟು ಹೊಗಳಬಾರದಿತ್ತು ಅನ್ನಿಸುತ್ತದೆ. ಆದರೆ ಇದೇ ಮಡಿಹೆಂಗಸು ರಾತ್ರಿ ಹೊತ್ತು ಯಾರಿಗೂ ತಿಳಿಯದಂತೆ ಹೋಗಿ, ಊರು ಹೊರಗಿಟ್ಟ ಜಾತಿಯ ಹೆಣ್ಣಿನ ಕಷ್ಟದ ಹೆರಿಗೆ ಮಾಡಿಸುತ್ತಾಳೆ. ದಾಕ್ಷಾಯಣಿ ಎಂಬ ಎಳೆ ವಿಧವೆ ತಲೆ ಕೊಡುವುದಿಲ್ಲ ಎಂದು ಹಟ ಹಿಡಿದಾಗ ಅವಳ ಪಕ್ಕ ನಿಲ್ಲುವವಳೂ ಇವಳೇ.

ನಮ್ಮ ಮನೆಗಳಲ್ಲಿ ಹಿರಿಯರು ಏನನ್ನುತ್ತಾರೆ? ‘ನಾವೂ ಅನುಭವಿಸಲಿಲ್ಲವೇ, ನೀನೂ ಅನುಭವಿಸು.’ ನಾನು ಅನುಭವಿಸಿದ್ದೇನೆ, ಅದಕ್ಕೇ ಈ ಹುಡುಗಿಗೆ ಬೇಡ ಅನ್ನುವುದು ಫಣಿಯಮ್ಮನ ರೀತಿ.

ಈಗ ನನ್ನ ಅಕ್ಕನ ವಿಷಯ. ನಿಮಗೆ ಗೊತ್ತಿರುವುದೇ. ಮೂರು ವರ್ಷದ ಹಿಂದೆ ಅರವತ್ತು ಗ್ರಾಂ ಬಂಗಾರ, ಎರಡು ಲಕ್ಷ ಕೊಟ್ಟು ಮದುವೆ ಮಾಡಿದೆವು. ಈಗ ಸೈಟಿಗೆ ಐದು ಲಕ್ಷ ತಾ ಎಂದು ಹೊಡೆದು ಕಳಿಸಿದ್ದಾರೆ. ಯುಗಾದಿಗೆ ಮುಂಚೆ ಮಗು ಎತ್ತಿಕೊಂಡು ಬಂದವಳು ಇಲ್ಲೇ ಇದ್ದಾಳೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಮನೆಯೊಳಗಿನ ಹಿಂಸೆಯಿಂದ ರಕ್ಷಣೆ ಕೊಡುವ ಕಾಯ್ದೆ 2005ರಲ್ಲಿ ಬಂತು. ಅದರ ಪ್ರಕಾರ ಗಂಡನ ಮನೆಯಿಂದ ಅವಳನ್ನು ಸುಮ್ಮನೆ ಹೊರಗೆ ಹಾಕುವಂತಿಲ್ಲ. 181ಕ್ಕೆ ಫೋನ್ ಮಾಡಬಹುದು. ಅಕ್ಕನಿಗೆ ಇದೆಲ್ಲ ಓದಿ ಹೇಳಿದ್ದೇನೆ. ಅವಳು ಕೇಳುವುದು ಒಂದೇ: ‘ಅಜ್ಜಿ ಏನನ್ನುತ್ತಾಳೆ?’

ಅಜ್ಜಿ ಇಷ್ಟು ದಿನ ‘ಹೊಂದಿಕೊಂಡು ಹೋಗು’ ಎನ್ನುತ್ತಿದ್ದಳು. ಅಜ್ಜಿಗೆ ಓದು ಬರದು. ರಾತ್ರಿ ಊಟವಾದ ಮೇಲೆ ನಾನೇ ದಿನಕ್ಕಿಷ್ಟು ಅಂತ ಪುಸ್ತಕ ಓದಿ ಹೇಳಿದೆ. ದಾಕ್ಷಾಯಣಿಯ ಭಾಗ ಬಂದಾಗ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, ‘ಅದನ್ನೇ ಇನ್ನೊಂದು ಸಲ ಓದು’ ಎಂದಳು. ಓದಿದೆ. ಏನೂ ಹೇಳದೆ ಮಲಗಿಬಿಟ್ಟಳು.

ಬರುವ ಭಾನುವಾರ ಹತ್ತು ಗಂಟೆಗೆ ಗಂಡಿನ ಕಡೆಯ ಹಿರಿಯರು ನಮ್ಮ ಮನೆಗೆ ಮಾತಿಗೆ ಬರುತ್ತಾರೆ. ಎಂಟು ಜನ ಗಂಡಸರು. ನಮ್ಮ ಕಡೆಯಿಂದ ಅಪ್ಪ, ಚಿಕ್ಕಪ್ಪ. ಹೆಂಗಸರೆಲ್ಲ ಅಡುಗೆಮನೆಯಲ್ಲಿ ಕಾಫಿಗೆ. ಅಜ್ಜಿಯನ್ನು ನಡುಮನೆಯಲ್ಲೇ ಕೂರಿಸುತ್ತೇನೆ. ನಿಮ್ಮಲ್ಲಿ ಬಿಡುವಾದವರು ಬಂದು ಅವಳ ಪಕ್ಕ ಕುಳಿತುಕೊಳ್ಳಿ. ಚಾಪೆ ನಾನು ಹಾಸಿರುತ್ತೇನೆ.