ಎರಡು ತಕ್ಕಡಿಗಳ ನಡುವೆ
(ಬಾನುಲಿ ಭಾಷಣ)

ಮಲಪನಗುಡಿಯಿಂದ ಹೊಸಪೇಟೆಯ ನ್ಯಾಯಾಲಯಕ್ಕೆ ಕೆಲವೇ ಮೈಲಿಗಳ ಹಾದಿ. ಕಕ್ಷಿಗಾರನಾಗಿ ಹೋಗುವವನಿಗೆ ಅರ್ಧ ಗಂಟೆ ಸಾಕು. ವಕೀಲನಾಗಿ ಹೋಗಬೇಕೆಂದರೆ ಪಿಯುಸಿ ಮುಗಿದ ಮೇಲೆ ಕನಿಷ್ಠ ಐದು ವರ್ಷ ಬೇಕು. ಆ ಐದು ವರ್ಷಗಳನ್ನು ಎಲ್ಲಿ ಕಳೆಯಬೇಕೆಂಬ ಪ್ರಶ್ನೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ತಂದೆಗೆ ಎರಡು ಎಕರೆ ಕಬ್ಬಿನ ಗದ್ದೆ. ಪಿಯುಸಿಯ ವರ್ಷ ತಾಯಿ ಹಾಸಿಗೆ ಹಿಡಿದಳು. ಅಡುಗೆಯೂ ಓದೂ ಒಂದೇ ಒಲೆಯ ಮುಂದೆ ನಡೆದವು. ಬಂದದ್ದು ಶೇಕಡ 52 ಅಂಕ. ಅದೇ ಹುಡುಗಿ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಬರೆದು ಮನೆಯವರೇ ಬೆರಗಾಗುವಂತೆ ಉತ್ತೀರ್ಣಳಾಗಿದ್ದಾಳೆ. ಮೊದಲ ಸಾಲಿನ ಶಾಲೆ ದೊರೆಯುವಷ್ಟು ಅಲ್ಲ, ದೂರದ ರಾಜ್ಯದ ಹೊಸ ಶಾಲೆಯೊಂದು ದೊರೆಯುವಷ್ಟು. ಈಗ ಮನೆಯಲ್ಲಿ ಎರಡು ಪಕ್ಷ. ಸೋದರಮಾವ ಹೇಳುತ್ತಾನೆ: "ಇಷ್ಟು ಮಾರ್ಕ್ಸಿಗೆ ಬಳ್ಳಾರಿನೇ ಹೆಚ್ಚು." ತಂದೆ ಹೇಳುತ್ತಾನೆ: "ಗದ್ದೆ ಒತ್ತಿ ಇಟ್ಟಾದರೂ ಕಳಸ್ತೀನಿ." ಇಬ್ಬರದೂ ಪ್ರೀತಿಯ ಮಾತೇ. ಆದರೆ ಇಬ್ಬರೂ ಅವಸರಪಟ್ಟಿದ್ದಾರೆಂದು ನನಗೆ ತೋರುತ್ತದೆ.

ಮೊದಲು ತಿಳಿಯಬೇಕಾದದ್ದು, ನಮ್ಮನ್ನು ತೂಗುವ ತಕ್ಕಡಿ ಯಾವುದು ಎಂಬುದು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮಾಧವ ಮೆನನ್ ಅವರ ನೇತೃತ್ವದಲ್ಲಿ ಪಾಠ ಆರಂಭಿಸಿದ ಮೇಲೆ ಐದು ವರ್ಷದ ಕಾನೂನು ಶಿಕ್ಷಣಕ್ಕೆ ಹೊಸದೊಂದು ಗೌರವ ಬಂತು. ಅದೇ ಮಾದರಿಯ ಶಾಲೆಗಳು ಈಗ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು. 2008ರಿಂದ ಇವುಗಳಲ್ಲಿ ಬಹುಪಾಲಿಗೆ ಕ್ಲ್ಯಾಟ್ ಎಂಬ ಒಂದೇ ಪರೀಕ್ಷೆ. 2024ರ ಪ್ರವೇಶದಿಂದೀಚೆಗೆ ಅದರಲ್ಲಿ ಎರಡು ಗಂಟೆ, 120 ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇಲ್ಲಿ ಪಿಯುಸಿಯ ಅಂಕ ಹೊಸ್ತಿಲು ಮಾತ್ರ. ಸಾಮಾನ್ಯ ವರ್ಗದವರಿಗೆ ಶೇಕಡ 45, ಪರಿಶಿಷ್ಟರಿಗೆ 40 ಇದ್ದರೆ ಒಳಗೆ ಬಿಡುತ್ತಾರೆ. ಅನಂತರ ಆ ಅಂಕಪಟ್ಟಿಯನ್ನು ಯಾರೂ ತೂಗುವುದಿಲ್ಲ. 52 ಬಂದವಳೂ 95 ಬಂದವಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬೆಂಗಳೂರಿನ ಶಾಲೆಯಲ್ಲಂತೂ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಕಾಲು ಪಾಲು ಮೀಸಲು ಇದೆ. ಅದನ್ನು ಅರ್ಜಿಯಲ್ಲಿ ನಮೂದಿಸಲು ಮರೆಯಬಾರದು. ಆದ್ದರಿಂದ ಸೋದರಮಾವನ ಮಾತು ಈ ತಕ್ಕಡಿಗೆ ಸಲ್ಲದು.

ಎರಡನೆಯ ತಕ್ಕಡಿ ನಮ್ಮ ಹತ್ತಿರದ ಕಾಲೇಜುಗಳದು. ಬಳ್ಳಾರಿಯ ವುಂಕಿ ಸಣ್ಣರುದ್ರಪ್ಪ ಕಾನೂನು ಕಾಲೇಜಿನಂಥವು 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಇಲ್ಲಿ ಸಾಮಾನ್ಯವಾಗಿ ನೋಡುವುದು ಹಿಂದಿನ ಪರೀಕ್ಷೆಯ ಅಂಕವನ್ನು. ಖರ್ಚು ಕಡಿಮೆ, ಮನೆ ಹತ್ತಿರ. ಇವನ್ನು ಕೀಳಾಗಿ ಕಾಣುವುದು ಸಲ್ಲದು. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು ಓದಿದ್ದು ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ. ಆದರೆ ಒಬ್ಬರ ಉದಾಹರಣೆಯಿಂದ ಎಲ್ಲ ಕಾಲೇಜುಗಳೂ ಒಳ್ಳೆಯವೆಂದು ಸಿದ್ಧವಾಗುವುದಿಲ್ಲ ಎಂಬ ಎಚ್ಚರವೂ ಇರಲಿ.

ಮೂರನೆಯ ದಾರಿಯೊಂದಿದೆ, ಅದನ್ನು ಅನೇಕರು ಮರೆಯುತ್ತಾರೆ. ಯಾವುದಾದರೂ ಪದವಿಯನ್ನು ಚೆನ್ನಾಗಿ ಮುಗಿಸಿ, ಆಮೇಲೆ ಮೂರು ವರ್ಷದ ಎಲ್ಎಲ್.ಬಿ. ಮಾಡುವುದು. ಒಂದು ವರ್ಷ ಹೆಚ್ಚಾಗಬಹುದು. ಆದರೆ ಆಗ ಎಣಿಕೆಗೆ ಬರುವುದು ಪದವಿಯ ಅಂಕ. ಹದಿನೇಳನೆಯ ವಯಸ್ಸಿನಲ್ಲಿ ಆದ ನಷ್ಟವನ್ನು ಇಪ್ಪತ್ತರಲ್ಲಿ ತುಂಬಿಕೊಳ್ಳಲು ಇದೊಂದು ಅವಕಾಶ.

ಯಾವ ದಾರಿಯಿಂದ ಬಂದರೂ ಕೊನೆಗೆ ಸಿಗುವ ಸನ್ನದು ಒಂದೇ. 2011ರಿಂದ ನಡೆಯುತ್ತಿರುವ ಅಖಿಲ ಭಾರತ ವಕೀಲ ಪರೀಕ್ಷೆಯನ್ನು ಎಲ್ಲರೂ ಬರೆಯಬೇಕು. 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದಿದೆ. ಸನ್ನದಿನ ಶುಲ್ಕ ಶಾಸನದಲ್ಲಿರುವ 750 ರೂಪಾಯಿಯನ್ನು, ಪರಿಶಿಷ್ಟರಿಗೆ 125 ರೂಪಾಯಿಯನ್ನು ಮೀರಕೂಡದೆಂದು 2024ರಲ್ಲಿ ಅದೇ ನ್ಯಾಯಾಲಯ ಹೇಳಿತು. ಬಾಗಿಲಲ್ಲಿ ಯಾರೂ ಕಾಲೇಜಿನ ಹೆಸರು ಕೇಳುವುದಿಲ್ಲ.

ಹಾಗಾದರೆ ಹೆಸರಿಗೆ ಬೆಲೆಯಿಲ್ಲವೆ? ಇದೆ. ದೊಡ್ಡ ಶಾಲೆಯ ಗ್ರಂಥಭಂಡಾರ, ಚುರುಕಾದ ಸಹಪಾಠಿಗಳು, ಕಂಪನಿಗಳ ಮತ್ತು ದೆಹಲಿಯ ಕಚೇರಿಗಳ ಬಾಗಿಲು, ಇವು ಸಣ್ಣ ಲಾಭಗಳಲ್ಲ. ಆದರೆ ಅಲ್ಲಿಯ ವಾರ್ಷಿಕ ವೆಚ್ಚ ಸಾಮಾನ್ಯವಾಗಿ ಎರಡು ಲಕ್ಷ ದಾಟುತ್ತದೆ. ಐದು ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಗಿಲು. ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಹೊಸಬ ವಕೀಲನಿಗೆ ಮೊದಲ ಕೆಲವು ವರ್ಷ ಹಿರಿಯರ ಕಚೇರಿಯಲ್ಲಿ ಕೈಗೆ ಬರುವುದು ಅತ್ಯಲ್ಪ. ಹತ್ತು ಲಕ್ಷದ ಸಾಲ ಹೊತ್ತವನು ಆ ವರ್ಷಗಳನ್ನು ತಾಳಲಾರ. ಸಾಲ ಎಲ್ಲಿಗೆ ಕರೆಯುತ್ತದೆಯೋ ಅಲ್ಲಿಗೆ ಅವನು ಹೋಗಬೇಕು, ಹೊಸಪೇಟೆಗೆ ಮರಳಲಾರ.

ಅವನು ಮರಳದಿದ್ದರೇನು ಎನ್ನಬಹುದು. 2011ರ ಒಂದೇ ಜುಲೈ ತಿಂಗಳಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ ಬಂತು; ಹಂಪಿಯ ಬಜಾರದ ಮನೆ ಅಂಗಡಿಗಳು ನೆಲಸಮವಾದವು. ಸಂಡೂರಿನ ಕೂಲಿಯವನಿಗೂ ಹಂಪಿಯ ಅಂಗಡಿಯವನಿಗೂ ಆಗ ಬೇಕಾಗಿದ್ದದ್ದು, ಕೈಗೆ ಬಂದ ಕಾಗದವನ್ನು ಓದಿ, ಅದರ ಅರ್ಥವನ್ನು ಅವರ ಮಾತಿನಲ್ಲೇ ತಿಳಿಸಿ, ಮುಂದೇನೆಂದು ಹೇಳಬಲ್ಲ ಒಬ್ಬ ಮನುಷ್ಯ. ಅಂಥವರು ಊರಿಗೆ ಬೇಕು.

ಆದ್ದರಿಂದ ಆ ಹುಡುಗಿಗೆ ನನ್ನ ಸಲಹೆ ಇಷ್ಟು. ಪರೀಕ್ಷೆಯ ಅಂಕ ನಿನ್ನ ಗಳಿಕೆ, ಅದನ್ನು ಬಿಡಬೇಡ. ಸಿಕ್ಕ ಶಾಲೆಗೆ ಕಾಗದ ಬರೆದು ವಿದ್ಯಾರ್ಥಿವೇತನ ಎಷ್ಟು, ಶುಲ್ಕ ವಿನಾಯಿತಿ ಎಷ್ಟು ಎಂದು ಕೇಳು. ಐದು ವರ್ಷದ ಪೂರ್ತಿ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆ. ಗದ್ದೆಯನ್ನು ಮುಟ್ಟದೆ ಹೋಗಬಹುದಾದರೆ ಧೈರ್ಯವಾಗಿ ಹೋಗು. ಇಲ್ಲವಾದರೆ ಹತ್ತಿರದ ಕಾಲೇಜನ್ನು ನಾಚಿಕೆಯಿಲ್ಲದೆ ಆರಿಸು. ಆದರೆ ಸೇರುವ ಮುನ್ನ ಒಂದು ದಿನ ಅಲ್ಲಿ ಹೋಗಿ ಕುಳಿತುಕೋ. ವಕೀಲರ ಪರಿಷತ್ತಿನ ಮಾನ್ಯತೆ ಇದೆಯೆ? ಪಾಠ ನಿಜವಾಗಿ ನಡೆಯುತ್ತದೆಯೆ? ಶೇಕಡ 70 ಹಾಜರಿ ಬೇಕೆಂಬುದು ನಿಯಮ. "ಮನೆಯಲ್ಲೇ ಇರಿ, ಹಾಜರಿ ನಾವು ನೋಡಿಕೊಳ್ಳುತ್ತೇವೆ" ಎನ್ನುವ ಕಾಲೇಜಿನ ಮೆಟ್ಟಿಲನ್ನು ಹತ್ತಲೇಬೇಡ. ಐದು ವರ್ಷದ ಓದಿನಲ್ಲಿ 20 ವಾರಗಳ ಪ್ರಾಯೋಗಿಕ ತರಬೇತಿ ಕಡ್ಡಾಯ. ಅವುಗಳಲ್ಲಿ ಕೆಲವನ್ನಾದರೂ ಹೊಸಪೇಟೆಯ ಹಿರಿಯ ವಕೀಲರೊಬ್ಬರ ಬಳಿ ಕಳೆ. ದಾವೆಯ ಕಡತ ಕಟ್ಟುವುದನ್ನು, ಸಾಕ್ಷಿಯ ಮುಖ ನೋಡುವುದನ್ನು ಅಲ್ಲಿ ಕಲಿಯುವೆ.

ಶೇಕಡ 52 ಎಂಬುದು ತಾಯಿ ಮಲಗಿದ್ದ ಒಂದು ವರ್ಷದ ಲೆಕ್ಕ. ಪ್ರವೇಶ ಪರೀಕ್ಷೆಯದು ಎರಡು ಗಂಟೆಯ ಲೆಕ್ಕ. ಇನ್ನೈದು ವರ್ಷದ ಲೆಕ್ಕವನ್ನು ಬರೆಯುವವಳು ನೀನೇ. ಅದನ್ನು ಬರೆಯುವಾಗ ತಂದೆಯ ಗದ್ದೆ ತಂದೆಯ ಹೆಸರಿನಲ್ಲೇ ಉಳಿದಿರಲಿ.