ಪ್ರಬಂಧದ ಜೊತೆಗೆ ಕೀಟವೂ ಉಳಿಯಲಿ



2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಸುಳಿ ತಿನ್ನುವ ಹೊಸ ಹುಳು ಕಾಣಿಸಿತು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತಕ್ಕೆ ಬಂದಿದೆ ಎಂದು ಮೊದಲು ವರದಿ ಮಾಡಿದವರು ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ಮರಿಹುಳುವಿನ ಮೈಗುರುತು, ಗಂಡು ಪತಂಗದ ಜನನಾಂಗ, ಡಿಎನ್‌ಎ ಎಲ್ಲವನ್ನೂ ನೋಡಿಯೇ ಅವರು ಹೆಸರು ಹೇಳಿದರು. ಒಂದು ಕೀಟ ನಮ್ಮದಲ್ಲ ಎನ್ನಬೇಕಾದರೆ ನಮ್ಮದು ಯಾವುದೆಂದು ಗೊತ್ತಿರಬೇಕು. ಅದೇ ಕುಲದ ನಮ್ಮ ಪತಂಗಗಳು ಸರಿಯಾದ ಹೆಸರು ಹೊತ್ತು ಎಲ್ಲೋ ಒಂದು ಡ್ರಾಯರಿನಲ್ಲಿರಬೇಕು. ಕೀಟ ಸಂಗ್ರಹಾಲಯದ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲಿ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಸಿ. ಎ. ವಿರಕ್ತಮಠರು ದಶಕಗಳ ಕಾಲ ಜಿಗಿಹುಳುಗಳನ್ನು ಸಂಗ್ರಹಿಸಿ, ವರ್ಗೀಕರಿಸಿದರು. ಭಾರತದ ಜಿಗಿಹುಳುಗಳನ್ನು ಗುರುತಿಸಲು ಹೊರಟ ಯಾರೂ ಆ ಕೆಲಸವನ್ನು ಬದಿಗಿಟ್ಟು ಮುಂದೆ ಹೋಗಲಾರರು. ಆದರೆ ಅಂಥ ಒಬ್ಬರು ಪ್ರತಿ ವಿಭಾಗದಲ್ಲೂ ಸಿಗುವುದಿಲ್ಲ. ಒಬ್ಬರ ನಿಷ್ಠೆಯನ್ನೇ ನೆಚ್ಚಿಕೊಂಡು ಸಂಸ್ಥೆಗಳು ಕೂರಲೂ ಬಾರದು. ಕಟ್ಟಿದ ಸಂಗ್ರಹವನ್ನು ಕಾಯುವ ಹೊಣೆ ಸಂಸ್ಥೆಯದೇ.

ಬ್ರೆಜಿಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ರಿಯೊ ಡಿ ಜನೈರೊದ ಫೆಡರಲ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು. 2018ರ ಸೆಪ್ಟೆಂಬರ್ 2ರ ರಾತ್ರಿ ಬೆಂಕಿ ಬಿದ್ದು, ಸುಮಾರು 50 ಲಕ್ಷ ಮಾದರಿಗಳಿದ್ದ ಅದರ ಕೀಟ ಸಂಗ್ರಹದ ಬಹುಪಾಲು ಬೂದಿಯಾಯಿತು. ಆ ನಷ್ಟ ಜಗತ್ತಿಗೆ ಕಂಡಿತು. ನಮ್ಮಲ್ಲಿ ಸಂಗ್ರಹಗಳು ಸಾಯುವುದು ಯಾರಿಗೂ ಕಾಣದ ಹಾಗೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಡರ್ಮೆಸ್ಟಿಡ್ ದುಂಬಿಯ ಮರಿ ಒಳಸೇರಿದರೆ ಕೆಲವೇ ತಿಂಗಳಲ್ಲಿ ಪಿನ್ನು, ಲೇಬಲ್ಲು, ಒಂದಿಷ್ಟು ಪುಡಿ ಮಾತ್ರ ಉಳಿಯುತ್ತದೆ. ನ್ಯಾಫ್ಥಲೀನ್ ಗುಳಿಗೆ ಇಟ್ಟು ಮರೆತರೆ ಸಾಲದು. ಹೊಸ ಮಾದರಿಗಳನ್ನು ಒಳಗಿಡುವ ಮೊದಲು ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿಟ್ಟು ತೆಗೆಯಬೇಕು, ತೇವಾಂಶ ಅಳೆಯಬೇಕು, ಒಂದೊಂದೇ ಡ್ರಾಯರ್ ತೆರೆದು ನೋಡಬೇಕು. ಇದು ಬಿಡುವಿದ್ದಾಗ ಮಾಡುವ ಕೆಲಸವಲ್ಲ. ಇದಕ್ಕೆ ಒಬ್ಬ ಕಾಯಂ ಕ್ಯುರೇಟರ್ ಬೇಕೇ ಬೇಕು.

ಸಂಗ್ರಹ ಬೆಳೆಯಬೇಕಾದರೆ ದೂರದ ಕಾಡಿಗೇ ಹೋಗಬೇಕೆಂದಿಲ್ಲ. ನಮ್ಮ ವಿದ್ಯಾರ್ಥಿಗಳು ಪ್ರತಿವರ್ಷ ಹೊಲ, ತೋಟ, ಕೆರೆಯಂಗಳಗಳಿಂದ ರಾಶಿ ರಾಶಿ ಕೀಟ ತರುತ್ತಾರೆ. ಪ್ರಬಂಧ ಮುಗಿದ ಮೇಲೆ ಅವುಗಳಲ್ಲಿ ಎಷ್ಟೋ ಬೀರುವಿನಲ್ಲೇ ಹಾಳಾಗುತ್ತವೆ. ಪ್ರಬಂಧದಲ್ಲಿ ಬರೆದ ಹೆಸರು ಸರಿಯೇ ಎಂದು ಮುಂದೆ ಯಾರಾದರೂ ಪರೀಕ್ಷಿಸಬೇಕೆಂದರೆ ಕೀಟವೇ ಇರುವುದಿಲ್ಲ. ಉಳಿದವುಗಳಲ್ಲೂ ಊರು, ದಿನಾಂಕ, ಆಸರೆ ಗಿಡ, ಹಿಡಿದವರ ಹೆಸರು ಬರೆಯದಿದ್ದರೆ ಆ ಮಾದರಿ ಸಂಶೋಧನೆಗೆ ದಕ್ಕುವುದಿಲ್ಲ. ಇವೆಲ್ಲ ಇದ್ದರೆ ಒಂದು ಕಾಲಿನಿಂದ ತೆಗೆದ ಡಿಎನ್‌ಎಯಿಂದಲೂ ಮುಂದಿನ ಪೀಳಿಗೆಯವರು, ನಾವು ಕೇಳದ ಪ್ರಶ್ನೆಗಳಿಗೆ ಉತ್ತರ ಹುಡುಕಬಲ್ಲರು.

ಆದ್ದರಿಂದ ಈ ವಿಚಾರ ಸಂಕಿರಣದ ನಿರ್ಣಯದಲ್ಲಿ ಎರಡು ಮಾತು ಇರಲೇಬೇಕೆಂದು ನನ್ನ ಆಗ್ರಹ. ಪ್ರಬಂಧಕ್ಕೆ ಆಧಾರವಾದ ಕೀಟಗಳನ್ನು ಸಂಗ್ರಹಾಲಯಕ್ಕೆ ಒಪ್ಪಿಸಿದ ರಸೀದಿ ಇಲ್ಲದೆ ಪದವಿ ಕೊಡಬಾರದು. ಕ್ಯುರೇಟರ್ ನಿವೃತ್ತರಾಗುವ ಮೊದಲೇ ಅವರ ಜಾಗಕ್ಕೆ ಬರುವವರು ಅವರ ಜೊತೆ ಕೂತು ಕೆಲಸ ಕಲಿತಿರಬೇಕು.